ಮೆಡಿಕಲ್ ಟರ್ಮಿನಾಲಜಿ: ಕನ್ನಡ ಮೀಡಿಯಂನಿಂದ ಬಂದವರು ಎಲ್ಲಿಂದ ಶುರು ಮಾಡಬೇಕು?

ಹೊಸ ಬ್ಯಾಚು

ಎಲ್ಲರಿಗೂ ನಮಸ್ಕಾರ. ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮೊದಲ ವರ್ಷದಲ್ಲಿದ್ದೇನೆ. ಪಿಯುಸಿವರೆಗೆ ಕನ್ನಡ ಮೀಡಿಯಂ, ಅದೂ ಆರ್ಟ್ಸ್. ಕ್ಲಾಸಿನಲ್ಲಿ ಹೇಳಿದ್ದು ಹೇಗೋ ತಲೆಗೆ ಹೋಗುತ್ತದೆ, ಯಾಕಂದ್ರೆ ನಮ್ಮ ಮೇಡಂ ನಡುನಡುವೆ ಕನ್ನಡದಲ್ಲೂ ಹೇಳುತ್ತಾರೆ. ವಾರ್ಡ್ ಪೋಸ್ಟಿಂಗ್ ಶುರುವಾದ ಮೇಲೆ ಮಾತ್ರ ಕಷ್ಟ. ರೌಂಡ್ಸ್‌ನಲ್ಲಿ ಡಾಕ್ಟರು ಹೇಳುವುದರಲ್ಲಿ ಅರ್ಧ ಬರೀ ಅಕ್ಷರಗಳು, ಇನ್ನರ್ಧ ಉದ್ದುದ್ದ ಪದಗಳು. ಪುಸ್ತಕದಲ್ಲಿ 'ಎ'ಯಿಂದ 'ಝಡ್'ವರೆಗೆ ಪಟ್ಟಿ ಇದೆ. ಅದನ್ನೇ ಬಾಯಿಪಾಠ ಮಾಡಬೇಕಾ, ಬೇರೆ ದಾರಿ ಏನಾದ್ರೂ ಇದೆಯಾ?

ರಾತ್ರಿಪಾಳಿ

ತಂಗಿ, ಆ ಪಟ್ಟಿಯನ್ನು ಸದ್ಯಕ್ಕೆ ಮುಚ್ಚಿಡು. ಅದು ಹುಡುಕೋಕೆ ಇರೋದು, ಓದೋಕಲ್ಲ.

ಈ ಪದಗಳು ಹೆಚ್ಚಿನವು ಗ್ರೀಕ್, ಲ್ಯಾಟಿನ್ ತುಂಡುಗಳನ್ನು ಜೋಡಿಸಿ ಮಾಡಿದವು. ಅದಕ್ಕೇ ಪದವನ್ನು ಹಿಂದಿನಿಂದ ಓದು. ಏನಾಗಿದೆ ಅನ್ನೋದನ್ನು ಕೊನೆಯ ತುಂಡು ಹೇಳುತ್ತದೆ, ಎಲ್ಲಿ ಆಗಿದೆ ಅನ್ನೋದನ್ನು ನಡುವಿನದು ಹೇಳುತ್ತದೆ. ಡೆಂಗಿ ಸೀಸನ್‌ನಲ್ಲಿ ದಿನಾ ಕಿವಿಗೆ ಬೀಳುವ ಪದ ತಗೋ, ಥ್ರಾಂಬೋಸೈಟೋಪೀನಿಯಾ. ಪೀನಿಯಾ ಅಂದರೆ ಕಡಿಮೆ (ಬೆಂಗಳೂರಿನವರಿಗೆ ಪೀಣ್ಯ ನೆನಪಾದರೆ ಆಗಲಿ, ಮರೆಯೋದಿಲ್ಲ). ಸೈಟೋ ಅಂದರೆ ಕೋಶ. ಥ್ರಾಂಬೋ ಅಂದರೆ ಹೆಪ್ಪು. ಹೆಪ್ಪುಗಟ್ಟಿಸುವ ಕಣ ಕಡಿಮೆಯಾಗಿದೆ, ಅಷ್ಟೇ. ರೋಗಿಯ ಕಡೆಯವರು ಬಾಗಿಲಲ್ಲೇ ನಿಂತು "ಕೌಂಟ್ ಎಷ್ಟಾಯ್ತು ಸಿಸ್ಟರ್" ಅಂತ ಕೇಳ್ತಾರಲ್ಲ, ಅದೇ ಪ್ಲೇಟ್‌ಲೆಟ್. ಮಾಮೂಲಾಗಿ 1.5 ಲಕ್ಷದಿಂದ 4.5 ಲಕ್ಷ ಇರಬೇಕು. ಈಗ ಪೀನಿಯಾ ಗೊತ್ತಾಯ್ತಲ್ಲ, ಲ್ಯೂಕೋಪೀನಿಯಾ ಅಂದರೆ ಬಿಳಿ ರಕ್ತಕಣ ಕಡಿಮೆ, ಪ್ಯಾನ್‌ಸೈಟೋಪೀನಿಯಾ ಅಂದರೆ ಎಲ್ಲ ಕಣಗಳೂ ಕಡಿಮೆ, ಆಸ್ಟಿಯೋಪೀನಿಯಾ ಅಂದರೆ ಮೂಳೆಯ ಸಾಂದ್ರತೆ ಕಡಿಮೆ. ಒಂದು ತುಂಡು ಕಲಿತರೆ ನಾಲ್ಕು ಪದ ಕೈಗೆ ಬಂತು.

ಐಟಿಸ್ ಅಂದರೆ ಉರಿಯೂತ. ಆಲ್ಜಿಯಾ ನೋವು. ಮೆಗಲಿ ಅಂದರೆ ದೊಡ್ಡದಾಗಿರೋದು. ಯೂರಿಯಾ ಕೊನೆಯಲ್ಲಿ ಬಂದರೆ ಮೂತ್ರದ ವಿಷಯ, ಈಮಿಯಾ ಬಂದರೆ ರಕ್ತದ್ದು. ಇಷ್ಟು ಮೊದಲ ವಾರಕ್ಕೆ ಸಾಕು.

ಸರ್ಜರಿ ವಾರ್ಡಿಗೆ ಹಾಕಿದರೆ ಇನ್ನು ಮೂರು ಬೇಕು, ಇವನ್ನು ಒಂದಕ್ಕೊಂದು ಬೆರೆಸಬಾರದು. ಎಕ್ಟಮಿ ಅಂದರೆ ತೆಗೆದು ಹಾಕೋದು. ಓಟಮಿ ಅಂದರೆ ಕೊಯ್ದು ತೆರೆಯೋದು. ಓಸ್ಟಮಿ ಅಂದರೆ ಬಾಯಿ ಮಾಡಿ ಬಿಡೋದು. ಕೋಲೆಕ್ಟಮಿ ಆದವರಿಗೆ ದೊಡ್ಡ ಕರುಳಿನ ಭಾಗವನ್ನೋ, ಪೂರ್ತಿ ಕರುಳನ್ನೋ ತೆಗೆದಿರುತ್ತಾರೆ. ಕೊಲಾಸ್ಟಮಿ ಆದವರಿಗೆ ಹೊಟ್ಟೆಯ ಮೇಲೆ ಬಾಯಿ ಇರುತ್ತದೆ, ಚೀಲ ಅಂಟಿಸಿರುತ್ತಾರೆ, ಆ ಚೀಲ ನೋಡಿಕೊಳ್ಳೋದು ನಿನ್ನ ಕೆಲಸ. ಕೇಳೋಕೆ ಎರಡೂ ಹತ್ತಿರ ಹತ್ತಿರ, ಆರೈಕೆ ಪೂರ್ತಿ ಬೇರೆ.

ಬಿಳಿಕೋಟು

ಅಕ್ಕ ಹೇಳಿದ್ದು ಸರಿ, ಆದರೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ತುಂಡು ಮಾಡಿದ ತಕ್ಷಣ ಅರ್ಥ ಸಿಕ್ಕಿತು ಅಂತ ನಂಬಬೇಡಿ. ಓಮಾ ಅಂದರೆ ಗೆಡ್ಡೆ ಅಂತ ಕಲಿತಿರುತ್ತೀರಿ. ಲೈಪೋಮಾ, ಕಾರ್ಸಿನೋಮಾ, ಸರಿ. ಹೆಮಟೋಮಾ ಗೆಡ್ಡೆಯಲ್ಲ, ರಕ್ತ ಒಂದು ಕಡೆ ಶೇಖರವಾಗಿರೋದು. ಐವಿ ಹಾಕಿದ ಜಾಗ ಊದಿ ನೀಲಿಗಟ್ಟಿದರೂ ಅದೇ ಪದ. ಗ್ಲಾಕೋಮಾ ಕಣ್ಣಿನ ನರದ ಕಾಯಿಲೆ, ಅಲ್ಲೂ ಗೆಡ್ಡೆ ಇಲ್ಲ. ಕನ್ನಡದಲ್ಲಿ "ಅವರಿಗೆ ಏನೋ ಓಮಾ ಇದೆಯಂತೆ" ಅಂತ ನೀವು ಅರ್ಧ ತಿಳಿದು ಹೇಳಿದರೆ ಮನೆಯವರು ಕ್ಯಾನ್ಸರ್ ಅಂದುಕೊಂಡು ಊಟ ಬಿಡುತ್ತಾರೆ.

ಇನ್ನೊಂದು, ಮಯೋ ಮತ್ತು ಮೈಲೋ. ಮಯೋ ಅಂದರೆ ಸ್ನಾಯು. ಮೈಲೋ ಒಮ್ಮೆ ಮೂಳೆಯ ಮಜ್ಜೆ, ಒಮ್ಮೆ ಬೆನ್ನುಹುರಿ. ಮಲ್ಟಿಪಲ್ ಮೈಲೋಮಾ ಮಜ್ಜೆಯದು, ಮೈಲೈಟಿಸ್ ಬೆನ್ನುಹುರಿಯದು. ಇದಕ್ಕೆ ಸೂತ್ರ ಇಲ್ಲ, ನೋಡಿ ನೋಡಿ ಅಭ್ಯಾಸ ಆಗಬೇಕು.

ಸ್ಲೈಡು ಸೂಜಿ

ಲ್ಯಾಬ್ ಕಡೆಯಿಂದ ಒಂದು ಮಾತು. ಹೈಪೋ, ಹೈಪರ್. ಇವೆರಡು ಎಲ್ಲರಿಗೂ ಗೊತ್ತು ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಕಡಿಮೆ, ಜಾಸ್ತಿ, ಅಷ್ಟೇ ಅಲ್ವಾ ಅಂತ. ಬರೆದಾಗ ಗೊತ್ತು. ಫೋನಿನಲ್ಲಿ, ಹಿಂದೆ ಮಾನಿಟರ್ ಕೂಗುತ್ತಿರುವಾಗ, ಆ ಕಡೆಯವರು ಗಡಿಬಿಡಿಯಲ್ಲಿರುವಾಗ "ಹೈಪ... ಕೇಲೀಮಿಯಾ" ಅಂತಷ್ಟೇ ಕೇಳುತ್ತದೆ. ಅದಕ್ಕೆ ನಾನು ಪದ ಹೇಳೋದೇ ಇಲ್ಲ. "ಪೊಟ್ಯಾಸಿಯಂ ಆರು ಪಾಯಿಂಟ್ ಎಂಟು, ಮತ್ತೆ ಹೇಳಿ" ಅನ್ನುತ್ತೇನೆ, ಅವರು ತಿರುಗಿ ಹೇಳಿ ಬರೆದುಕೊಳ್ಳುವವರೆಗೆ ಫೋನ್ ಇಡೋದಿಲ್ಲ. ಕೆಲವರಿಗೆ ಸಿಟ್ಟು ಬರುತ್ತದೆ. ಬರಲಿ.

ಅಂದ ಹಾಗೆ ಪೊಟ್ಯಾಸಿಯಂಗೆ ಕೇಲೀಮಿಯಾ ಯಾಕೆ ಅಂದರೆ ಲ್ಯಾಟಿನ್‌ನಲ್ಲಿ ಅದು ಕೇಲಿಯಂ. ಸೋಡಿಯಂ ನೇಟ್ರಿಯಂ, ಅದಕ್ಕೇ ನೇಟ್ರೀಮಿಯಾ. ಹೈಸ್ಕೂಲ್ ಕೆಮಿಸ್ಟ್ರಿಯಲ್ಲಿ ಕೆ ಮತ್ತು ಎನ್‌ಎ ಅಂತ ಬರೆದಿದ್ದು ಇದೇ. ಪೊಟ್ಯಾಸಿಯಂ 3.5ರಿಂದ 5, ಸೋಡಿಯಂ 135ರಿಂದ 145, ಈ ನಾಲ್ಕು ಅಂಕಿ ಬಾಯಲ್ಲಿರಲಿ. ಪೊಟ್ಯಾಸಿಯಂ ಎರಡೂ ಕಡೆ ಅಪಾಯ, ಹೃದಯದ ಬಡಿತದ ಲಯವೇ ಕೆಡುತ್ತದೆ.

ರಿಪೋರ್ಟಿನ ಕೆಳಗೆ "ಹೀಮೋಲೈಜ್ಡ್ ಸ್ಯಾಂಪಲ್" ಅಂತ ಬರೆದಿದ್ದರೆ ಅದನ್ನೂ ಓದಿ. ಲೈಸಿಸ್ ಅಂದರೆ ಒಡೆಯೋದು. ಸಣ್ಣ ಸೂಜಿಯಲ್ಲಿ ಜೋರಾಗಿ ಎಳೆದು, ಟ್ಯೂಬನ್ನು ಗಲಗಲ ಅಲ್ಲಾಡಿಸಿದರೆ ಕೆಂಪು ಕಣ ಒಡೆದು ಒಳಗಿನ ಪೊಟ್ಯಾಸಿಯಂ ಹೊರಗೆ ಬರುತ್ತದೆ. ರೋಗಿಗೆ ಏನೂ ಆಗಿರೋದಿಲ್ಲ, ರಿಪೋರ್ಟಿನಲ್ಲಿ ಮಾತ್ರ ಜಾಸ್ತಿ ತೋರಿಸುತ್ತದೆ. ಆಮೇಲೆ ನಮಗೆ ಬೈಗುಳ.

ಹೊಸ ಬ್ಯಾಚು

ಥ್ಯಾಂಕ್ಸ್ ಅಕ್ಕ, ಥ್ಯಾಂಕ್ಸ್ ಸರ್. ಹಿಂದಿನಿಂದ ಓದೋದು ನಿಜಕ್ಕೂ ಸುಲಭ ಅನ್ನಿಸ್ತು. ಇನ್ನೊಂದು ಡೌಟು. ಚೀಟಿಯಲ್ಲಿ ಬಿಡಿ, ಟಿಡಿಎಸ್, ಎಚ್‌ಎಸ್, ಎಸ್‌ಓಎಸ್ ಅಂತ ಬರುತ್ತದಲ್ಲ. ಬಿಡಿ ಅಂದರೆ ದಿನಕ್ಕೆ ಎರಡು ಸಲ ಅಂತ ಗೊತ್ತು. ಉಳಿದದ್ದು?

ಮಾತ್ರೆ ಡಬ್ಬಿ

ಫಾರ್ಮಸಿಯವನು ನಾನು, ಇದು ನನ್ನ ಪಾಲಿಗೆ ಬಿಡಿ.

ಓಡಿ ದಿನಕ್ಕೊಂದು. ಬಿಡಿ ಎರಡು. ಟಿಡಿಎಸ್ ಮೂರು. ಕ್ಯೂಐಡಿ ನಾಲ್ಕು. ಎಚ್‌ಎಸ್ ಮಲಗುವಾಗ. ಎಸಿ ಊಟಕ್ಕೆ ಮೊದಲು, ಪಿಸಿ ಊಟವಾದ ಮೇಲೆ. ಎಸ್‌ಓಎಸ್ ಅಂದರೆ ಬೇಕಾದಾಗ ಮಾತ್ರ, ಪಿಆರ್‌ಎನ್ ಅಂದರೂ ಹೆಚ್ಚುಕಡಿಮೆ ಅದೇ. ಸ್ಟ್ಯಾಟ್ ಅಂದರೆ ಈಗಲೇ, ಟೀ ಕುಡಿದು ಬಂದಮೇಲೆ ಅಲ್ಲ. ಎನ್‌ಪಿಓ ಅಂದರೆ ಬಾಯಿಗೆ ಏನೂ ಕೊಡಬಾರದು. ಇದನ್ನು ಹೇಳುವಾಗ ದಯವಿಟ್ಟು "ಊಟ ಬೇಡ" ಅಂತ ಹೇಳಬೇಡಿ. ಊಟ ತಾನೇ ಬೇಡ ಅಂದಿದ್ದು ಅಂತ ಇಡ್ಲಿ, ಕಾಫಿ, ಎಳನೀರು ಎಲ್ಲ ನಡೆಯುತ್ತದೆ, ಬೆಳಿಗ್ಗೆ ಆಪರೇಷನ್ ಮುಂದಕ್ಕೆ ಹೋಗುತ್ತದೆ. "ನೀರು ಕೂಡ ಒಂದು ಗುಟುಕು ಕುಡಿಯಬಾರದು" ಅಂತ ಬಿಡಿಸಿ ಹೇಳಿ.

ಇನ್ನು ಅಕ್ಷರಗಳಿಂದ ಆಗುವ ಅನಾಹುತ. ಇನ್ಸುಲಿನ್ ಬರೆಯುವಾಗ ಯೂನಿಟ್ ಅಂತ ಪೂರ್ತಿ ಬರೆಯದೆ ಬರೀ 'ಯು' ಹಾಕಿದರೆ, ಗಡಿಬಿಡಿ ಕೈಬರಹದಲ್ಲಿ ಅದು ಸೊನ್ನೆಯ ಹಾಗೆ ಕಾಣುತ್ತದೆ. 10 ಯೂನಿಟ್ ಹೋಗಿ 100 ಆಗುತ್ತದೆ. ಅಮೆರಿಕದಲ್ಲಿ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್ 2004ರಲ್ಲಿ ಬಳಸಲೇಬಾರದ ಸಂಕ್ಷೇಪಗಳ ಪಟ್ಟಿ ಮಾಡಿತು, ಅದರಲ್ಲಿ ಈ 'ಯು' ಇದೆ. 1.0 ಅಂತ ಸುಮ್ನೆ ಸೊನ್ನೆ ಸೇರಿಸೋದೂ ಇದೆ, ಚುಕ್ಕೆ ಮಾಸಿದರೆ 10 ಆಯ್ತು. ಪಾಯಿಂಟ್ 5 ಅಂತ ಮುಂದೆ ಸೊನ್ನೆ ಇಲ್ಲದೆ ಬರೆಯೋದೂ ಅಲ್ಲಿದೆ, ಚುಕ್ಕೆ ಕಾಣದಿದ್ದರೆ 5 ಆಯ್ತು. ಅವರ ನಿಯಮ ನಮಗ್ಯಾಕೆ ಅನ್ನಬೇಡಿ, ಪೆನ್ನು ಎಲ್ಲ ಕಡೆ ಒಂದೇ.

ಇನ್ಸುಲಿನ್ ವಿಷಯ ಬಂತು, ಇದನ್ನೂ ಹೇಳಿಬಿಡುತ್ತೇನೆ. ನಮ್ಮಲ್ಲಿ ಬಾಟಲಿಯಲ್ಲಿ ಬರುವ ಇನ್ಸುಲಿನ್ ಹೆಚ್ಚಾಗಿ ಒಂದು ಎಂಎಲ್‌ಗೆ 40 ಯೂನಿಟ್ಟಿನದು. 100 ಯೂನಿಟ್ಟಿನದೂ ಇದೆ. 40ಕ್ಕೆ ಕೆಂಪು ಮುಚ್ಚಳದ ಸಿರಿಂಜು, 100ಕ್ಕೆ ಕಿತ್ತಳೆ ಬಣ್ಣದ್ದು. ಅದಲುಬದಲಾದರೆ ಡೋಸು ಎರಡೂವರೆ ಪಟ್ಟು ಜಾಸ್ತಿ ಹೋಗಬಹುದು, ಇಲ್ಲ ಅರ್ಧಕ್ಕಿಂತ ಕಡಿಮೆ ಹೋಗಬಹುದು. ಬಾಟಲಿ ಮೇಲಿನ ಅಂಕಿ, ಸಿರಿಂಜಿನ ಮೇಲಿನ ಅಂಕಿ, ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿ. ಅಂಗಡಿಯಲ್ಲಿ ಸಿರಿಂಜು ಕೇಳಲು ಬರುವ ಅಜ್ಜ ಅಜ್ಜಿಯರಿಗೆ ನಾನು ಮುಚ್ಚಳದ ಬಣ್ಣ ತೋರಿಸಿಯೇ ಕೊಡುತ್ತೇನೆ.

ದೂರದೂರು

ಗಲ್ಫ್‌ನಲ್ಲಿ ಕೆಲಸ ಮಾಡುತ್ತಿದ್ದೇನೆ. ಮುಂದೆ ಹೊರದೇಶಕ್ಕೆ ಹೋಗುವ ಆಸೆ ಇದ್ದವರಿಗೆ: ನಮ್ಮ ಟಿಡಿಎಸ್ ಅಮೆರಿಕನ್ ಪದ್ಧತಿಯಲ್ಲಿ ಟಿಐಡಿ. ಪ್ಯಾರಾಸಿಟಮಾಲ್ ಅಲ್ಲಿ ಅಸಿಟಮಿನೋಫೆನ್, ಅಡ್ರಿನಲಿನ್ ಎಪಿನೆಫ್ರಿನ್, ಸಾಲ್ಬುಟಮಾಲ್ ಆಲ್ಬ್ಯುಟರಾಲ್. ಎಲ್ಲ ಒಂದೇ ಔಷಧಿ. ಓಡಿ ಅಂತ ಅವರ ಮುಂದೆ ಹೇಳಿದರೆ ಬಲಗಣ್ಣು ಅಂದುಕೊಳ್ಳುತ್ತಾರೆ, ಇಲ್ಲ ಓವರ್‌ಡೋಸ್ ಅಂತ ಗಾಬರಿಯಾಗುತ್ತಾರೆ.

ಒಂದೇ ಅಕ್ಷರಕ್ಕೆ ಎರಡು ಮೂರು ಅರ್ಥ ಇರೋದು ಊರಲ್ಲೂ ಇದೆ. ಎಂಎಸ್ ಅಂದರೆ ಹೃದಯದವರಿಗೆ ಮೈಟ್ರಲ್ ಸ್ಟಿನೋಸಿಸ್, ನರದವರಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್. ಆರ್‌ಟಿಎ ಕ್ಯಾಶುಯಲ್ಟಿಯಲ್ಲಿ ರಸ್ತೆ ಅಪಘಾತ, ಕಿಡ್ನಿ ವಾರ್ಡಿನಲ್ಲಿ ರೀನಲ್ ಟ್ಯೂಬ್ಯುಲರ್ ಅಸಿಡೋಸಿಸ್. ಯಾವ ವಾರ್ಡಿನಲ್ಲಿ ನಿಂತಿದ್ದೀರಿ ಅನ್ನೋದರ ಮೇಲೆ ಓದಬೇಕು.

ಪದಪ್ರೇಮಿ

ಇದೆಲ್ಲ ಯಾಕೆ ಬೇಕು ಅಂತ ಕೇಳುತ್ತೇನೆ. ಎಲ್ಲವನ್ನೂ ಕನ್ನಡದಲ್ಲೇ ಕಲಿಸಬಹುದಲ್ವಾ? 2024ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರ ಸರ್ಕಾರಿ ವೈದ್ಯರು ಔಷಧಿ ಚೀಟಿಯನ್ನೂ ಕನ್ನಡದಲ್ಲಿ ಬರೆಯಲಿ ಅಂತ ಕೇಳಿತ್ತು. ನಮ್ಮ ಮಕ್ಕಳು ಗ್ರೀಕ್ ಉರುಹೊಡೆಯಬೇಕಾ?

ಬಿಳಿಕೋಟು

ಸರ್, ಚೀಟಿಯಲ್ಲಿ ಹೇಗೆ ತಗೋಬೇಕು ಅನ್ನೋದು ಕನ್ನಡದಲ್ಲಿರಬೇಕು, ನನ್ನದು ಪೂರ್ತಿ ಒಪ್ಪಿಗೆ. ಆದರೆ ಕೇಸ್‌ಶೀಟ್ ಬೇರೆ. ರೋಗಿ ಇವತ್ತು ಹಾವೇರಿಯಲ್ಲಿ, ನಾಳೆ ಹುಬ್ಬಳ್ಳಿಯಲ್ಲಿ, ನಾಡಿದ್ದು ಮೀರಜ್‌ನಲ್ಲಿ ಇರಬಹುದು. ಎಲ್ಲರೂ ಒಂದೇ ಪದ ಓದಬೇಕು.

ಪದಪ್ರೇಮಿ

ಅದು ನೆಪ. ಮನಸ್ಸಿದ್ದರೆ ಎರಡೂ ಇಡಬಹುದು.

ಮಲೆನಾಡ ಮಳೆ

ಜಗಳ ಬೇಡ. ಟೆಕ್ಸ್ಟ್‌ಬುಕ್ಕಿನಲ್ಲಿ ನಮ್ಮೂರೂ ಇದೆ ಅಂತ ನೆನಪಿಸುತ್ತೇನೆ. ಕ್ಯಾಸನೂರು ಫಾರೆಸ್ಟ್ ಡಿಸೀಸ್. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡು, 1957ರಲ್ಲಿ ಗುರುತಿಸಿದ್ದು. ಉಣ್ಣೆ ಹುಳದಿಂದ (ಟಿಕ್) ಹರಡುತ್ತದೆ, ಮಂಗಗಳು ಸಾಯುತ್ತವೆ, ನಾವು ಮಂಗನ ಕಾಯಿಲೆ ಅನ್ನುತ್ತೇವೆ. ಸಾಗರದ ಹಂದಿಗೋಡು ಹೆಸರಿನಲ್ಲೂ ಒಂದು ಕೀಲು-ಮೂಳೆ ಕಾಯಿಲೆ ಇದೆ. ಪ್ರಪಂಚದ ಯಾವ ಮೂಲೆಯ ವಿದ್ಯಾರ್ಥಿಯೂ ಕೆಎಫ್‌ಡಿ ಅಂತಲೇ ಓದಬೇಕು. ಊರಿನ ಹೆಸರನ್ನು ಅವರು ಹೇಗೆ ಉಚ್ಚರಿಸುತ್ತಾರೋ ದೇವರಿಗೇ ಗೊತ್ತು.

ನಾನು ಹಳ್ಳಿ ಕಡೆ ಪಿಎಚ್‌ಸಿಯಲ್ಲಿದ್ದೇನೆ. ತಂಗಿಗೆ ನಾನು ಹೇಳೋದು, ನಿನ್ನ ಕನ್ನಡ ಮೀಡಿಯಂ ಓದು ದಂಡ ಅಲ್ಲ. ಮೇದೋಜೀರಕ, ಅಪಧಮನಿ, ಮೂತ್ರಪಿಂಡ ಎಲ್ಲ ಹೈಸ್ಕೂಲಿನಲ್ಲಿ ಓದಿದ್ದೀಯಲ್ಲ. ಪಕ್ಕದಲ್ಲಿ ಪ್ಯಾಂಕ್ರಿಯಾಸ್, ಆರ್ಟರಿ, ಕಿಡ್ನಿ ಅಂತ ಬರೆದುಕೋ. ಕಿಡ್ನಿಗೆ ಎರಡು ತುಂಡು, ಗ್ರೀಕ್‌ನ ನೆಫ್ರೋ, ಲ್ಯಾಟಿನ್‌ನ ರೀನಲ್. ಮೈಯ ಭಾಗಗಳಿಗೆ ಮನೆಯ ಮಾತು ಸಾಕು. ಆಕ್ಸಿಲ್ಲಾ ಕಂಕುಳು, ಇಂಗ್ವೈನಲ್ ತೊಡೆಸಂದು, ಅಂಬಿಲಿಕಲ್ ಹೊಕ್ಕುಳು, ಕಾಫ್ ಅಂದರೆ ಮೀನಖಂಡ. ಸುಪೈನ್ ಅಂದರೆ ಅಂಗಾತ, ಪ್ರೋನ್ ಅಂದರೆ ಬೋರಲು, ಲೆಫ್ಟ್ ಲ್ಯಾಟರಲ್ ಅಂದರೆ ಎಡ ಮಗ್ಗುಲು. "ಅಜ್ಜಿ, ಎಡ ಮಗ್ಗುಲಾಗಿ" ಅಂದರೆ ಯಾರಿಗೆ ತಿಳಿಯೋದಿಲ್ಲ? ಒಂದೇ ನೆನಪಿಡು, ಎಡ ಬಲ ಯಾವಾಗಲೂ ರೋಗಿಯದು, ಎದುರಿಗೆ ನಿಂತ ನಿನ್ನದಲ್ಲ.

ಈಗ ನಿಜವಾದ ಕಷ್ಟ ಹೇಳುತ್ತೇನೆ. ಪುಸ್ತಕದ ಪದ ರೋಗಿಯ ಬಾಯಲ್ಲಿ ಬಂದಾಗ ಅರ್ಥ ಬದಲಾಗಿರುತ್ತದೆ. "ಗ್ಯಾಸ್ಟ್ರಿಕ್ ಆಗಿದೆ ಸಿಸ್ಟರ್." ಗ್ಯಾಸ್ಟ್ರೋ ಅಂದರೆ ಜಠರ, ನಿನಗೆ ಗೊತ್ತು. ಅವರ ಲೆಕ್ಕದಲ್ಲಿ ಗ್ಯಾಸ್ಟ್ರಿಕ್ ಅಂದರೆ ಎದೆ ಉರಿ, ಹೊಟ್ಟೆ ಉಬ್ಬರ, ಹುಳಿತೇಗು, ಬೆನ್ನಲ್ಲಿ ಚುಚ್ಚೋದು, ಕೆಲವೊಮ್ಮೆ ಎದೆ ಹಿಂಡಿದ ಹಾಗಾಗೋದು, ಎಲ್ಲ ಒಂದೇ ಪದ. ನೀನು ಅದನ್ನು ಗ್ಯಾಸ್ಟ್ರೈಟಿಸ್ ಅಂತ ಬರೆದರೆ ಮುಂದಿನವರು ಮಾತ್ರೆ ಕೊಟ್ಟು ಕಳಿಸುತ್ತಾರೆ. ಹಾರ್ಟ್ ಅಟ್ಯಾಕ್ ಹೊಟ್ಟೆಯ ಮೇಲ್ಭಾಗದ ನೋವಾಗಿ ಬರೋದು ಅಪರೂಪವೇನಲ್ಲ. "ಎಲ್ಲಿ, ಬೊಟ್ಟು ಮಾಡಿ ತೋರಿಸಿ. ಬೆವರಿದಿರಾ? ಕೈಗೆ, ದವಡೆಗೆ ಬರುತ್ತಾ? ನಡೆದರೆ ಜಾಸ್ತಿ ಆಗುತ್ತಾ?" ಇಷ್ಟು ಕೇಳು, ಅವರು ಹೇಳಿದ್ದನ್ನು ಹೇಳಿದ ಹಾಗೆ ಬರಿ, ಡಾಕ್ಟರಿಗೆ ಹೇಳಿ ಇಸಿಜಿ ತೆಗೆಸು. ತಲೆಸುತ್ತೂ ಹಾಗೆಯೇ. ಮನೆಯೇ ತಿರುಗಿದ ಹಾಗಾಗೋದು ವರ್ಟೈಗೋ, ಎದ್ದು ನಿಂತಾಗ ಕಣ್ಣು ಕತ್ತಲೆ ಬರೋದು ಬೇರೆ, ಸುಸ್ತಿಗೂ ಕೆಲವರು ತಲೆಸುತ್ತು ಅಂತಾರೆ. ಕೇಳದೆ ಪದ ಹಾಕಬೇಡ.

ರಾತ್ರಿಪಾಳಿ

ಮಲೆನಾಡಿನವರು ಹೇಳಿದ್ದಕ್ಕೆ ನೂರು ಲೈಕು.

ತಂಗಿ, ಕೇಸ್‌ಶೀಟ್ ಓದೋದು ಹೇಗೆ ಅಂತ ಒಂದು ಸಾಲು ಹಾಕುತ್ತೇನೆ. ಯಾರದ್ದೂ ಅಲ್ಲ, ನಾನೇ ಮಾಡಿದ್ದು.

"ಕೆ/ಸಿ/ಓ ಟಿ2ಡಿಎಂ. ಸಿ/ಓ ಪೇನ್ ಅಬ್ಡಮೆನ್ 2 ದಿನ, ವಾಮಿಟಿಂಗ್. ಓ/ಇ ಫೆಬ್ರೈಲ್, ಪಿಆರ್ 112. ಪಿ/ಎ ಟೆಂಡರ್‌ನೆಸ್ ಆರ್‌ಐಎಫ್. ಎನ್‌ಪಿಓ. ಪ್ಲ್ಯಾನ್ ಲ್ಯಾಪ್ ಅಪೆಂಡಿಸೆಕ್ಟಮಿ."

ಸಕ್ಕರೆ ಕಾಯಿಲೆ ಮೊದಲಿಂದಲೂ ಇದೆ, ಟೈಪ್ 2. ಹೊಟ್ಟೆನೋವು, ವಾಂತಿ ಅಂತ ಬಂದಿದ್ದಾರೆ. ಸಿ/ಓ ಅಂದರೆ ರೋಗಿ ಹೇಳಿದ್ದು, ಓ/ಇ ಅಂದರೆ ಡಾಕ್ಟರು ನೋಡಿ ಕಂಡದ್ದು, ಈ ಎರಡನ್ನು ಬೆರೆಸಬಾರದು. ಜ್ವರ ಇದೆ. ನಾಡಿ 112, ನೂರು ದಾಟಿದೆ, ಅಂದರೆ ಟ್ಯಾಕಿಕಾರ್ಡಿಯಾ. ಪಿ/ಎ ಅಂದರೆ ಹೊಟ್ಟೆ ಮುಟ್ಟಿ ನೋಡಿದ್ದು. ಬಲಗಡೆ ಕಿಬ್ಬೊಟ್ಟೆಯಲ್ಲಿ ಒತ್ತಿದರೆ ನೋವು. ಅಪೆಂಡಿಕ್ಸ್ ತೆಗೆಯುತ್ತಾರೆ, ಎಕ್ಟಮಿ ನೋಡು.

ಪದ ಬಿಡಿಸಿದ್ದಾಯ್ತು, ಕೆಲಸ ಈಗ ಶುರು. ಸಕ್ಕರೆ ಇದ್ದವರಿಗೆ ಎನ್‌ಪಿಓ ಹಾಕಿದ್ದಾರೆ. ಮಾಮೂಲಿ ಮಾತ್ರೆ, ಇನ್ಸುಲಿನ್ ಏನು ಮಾಡೋದು? ಯಾರೂ ಬರೆದಿಲ್ಲ. ನೀನು ಕೇಳಬೇಕು. ಜಿಆರ್‌ಬಿಎಸ್ (ಬೆರಳು ಚುಚ್ಚಿ ನೋಡುವ ರಕ್ತದ ಸಕ್ಕರೆ) ಎಷ್ಟು ಹೊತ್ತಿಗೊಮ್ಮೆ ನೋಡಬೇಕು ಅಂತಲೂ ಕೇಳಬೇಕು. 70ಕ್ಕಿಂತ ಕೆಳಗೆ ಬಂದರೆ ಹೈಪೋ, ಬೆವರು, ನಡುಕ, ಮಾತು ತೊದಲೋದು ಶುರುವಾಗುತ್ತದೆ. ಇನ್ನು "ಲ್ಯಾಪ್" ಇಲ್ಲಿ ಲ್ಯಾಪರೋಸ್ಕೋಪಿ, ಸಣ್ಣ ತೂತಿನದು. ಕೆಲವರು ಲ್ಯಾಪರಾಟಮಿಗೂ ಲ್ಯಾಪ್ ಅಂತಲೇ ಬರೆಯುತ್ತಾರೆ, ಅದು ಹೊಟ್ಟೆ ಕೊಯ್ಯೋದು. ಕನ್ಸೆಂಟಿನಲ್ಲಿ ಪೂರ್ತಿ ಪದ ಇದೆಯಾ ನೋಡು, ಇಲ್ಲದಿದ್ದರೆ ಬರೆಸು.

ದಿನಕ್ಕೆ ಇಂಥ ಒಂದು ಶೀಟ್ ಬಿಡಿಸು. ರೋಗಿಯ ಹೆಸರು, ನಂಬರು ನಿನ್ನ ನೋಟ್‌ಬುಕ್ಕಿಗೆ ಬರಬಾರದು, ಫೋಟೋ ಅಂತೂ ತೆಗೀಲೇಬೇಡ.

ಹೊಸ ಬ್ಯಾಚು

ಅಕ್ಕ, ಇದನ್ನು ಬರೆದಿಟ್ಟುಕೊಂಡೆ. ಸೋಮವಾರದಿಂದ ಓಬಿಜಿ (ಹೆರಿಗೆ, ಸ್ತ್ರೀರೋಗ ವಿಭಾಗ) ಪೋಸ್ಟಿಂಗ್. ಅಲ್ಲಿ ಜಿ3ಪಿ1ಎಲ್1ಎ1 ಅಂತ ಬರೆದಿರುತ್ತಾರಂತೆ, ಗಾಡಿ ನಂಬರಿನ ಹಾಗೆ. ಎಲ್‌ಎಂಪಿ, ಇಡಿಡಿನೂ ಕೇಳ್ತಾರಂತೆ.

ಮಲೆನಾಡ ಮಳೆ

ಜಿ ಅಂದರೆ ಒಟ್ಟು ಎಷ್ಟು ಬಸಿರು, ಈಗಿನದೂ ಸೇರಿ. ಪಿ ಅಂದರೆ ಎಷ್ಟು ಹೆರಿಗೆ. ಎಲ್ ಅಂದರೆ ಈಗ ಬದುಕಿರುವ ಮಕ್ಕಳು. ಎ ಅಂದರೆ ಅಬಾರ್ಷನ್. ಅವಳಿ ಹೆತ್ತವರಿಗೆ ಪಿ 1, ಎಲ್ 2 ಆಗುತ್ತದೆ, ಗೊಂದಲ ಬೇಡ. ಈ 'ಎ' ಬಗ್ಗೆ ಹುಷಾರು. ತಾನಾಗೇ ಹೋದದ್ದಕ್ಕೂ ವೈದ್ಯಕೀಯದಲ್ಲಿ ಅಬಾರ್ಷನ್ ಅಂತಲೇ ಬರೆಯುತ್ತಾರೆ. ಅತ್ತೆ ಪಕ್ಕದಲ್ಲಿ ನಿಂತಿರುವಾಗ "ಒಂದು ಅಬಾರ್ಷನ್ ಆಗಿದೆಯಲ್ವಾ" ಅಂತ ಗಟ್ಟಿಯಾಗಿ ಓದಬೇಡ. ಅವರಿಗೆ ಅದು ತೆಗೆಸಿದ್ದು ಅಂತಲೇ ಕೇಳಿಸುತ್ತದೆ. ಅವಳು ಮನೆಯಲ್ಲಿ ಹೇಳೇ ಇರದಿದ್ದರೂ ಇರಬಹುದು.

ಎಲ್‌ಎಂಪಿ ಅಂದರೆ ಕೊನೆಯ ಸಲ ಮುಟ್ಟಾದ ಮೊದಲನೆಯ ದಿನ. ಮುಗಿದ ದಿನ ಅಲ್ಲ. ತುಂಬಾ ಜನ ತಲೆಸ್ನಾನ ಮಾಡಿದ ದಿನ ಹೇಳಿಬಿಡುತ್ತಾರೆ, ಅದಕ್ಕೆ "ಶುರುವಾಗಿದ್ದು ಯಾವತ್ತು" ಅಂತಲೇ ಕೇಳು. ಅದಕ್ಕೆ ಒಂಬತ್ತು ತಿಂಗಳು ಏಳು ದಿನ ಸೇರಿಸಿದರೆ ಇಡಿಡಿ, ಅಂದರೆ ಹೆರಿಗೆ ಆಗಬಹುದಾದ ದಿನ. ತಿಂಗಳು ತಿಂಗಳು ಸರಿಯಾಗಿ ಆಗದವರಿಗೆ ಈ ಲೆಕ್ಕ ಹೊಂದೋದಿಲ್ಲ, ಸ್ಕ್ಯಾನ್ ನೋಡಬೇಕು.

ಹೊಸ ಬ್ಯಾಚು

ತಾರೀಖೇ ನೆನಪಿಲ್ಲ ಅಂದರೆ?

ಮಲೆನಾಡ ಮಳೆ

ಹಬ್ಬ ಹಿಡಿದು ಕೇಳು. "ಯುಗಾದಿಗೆ ಮೊದಲೋ ಆಮೇಲೋ? ಹಬ್ಬದ ದಿನ ದೇವರ ಮನೆಗೆ ಹೋಗಿದ್ರಾ?" ತಕ್ಷಣ ಹೇಳುತ್ತಾರೆ, ಹಬ್ಬ ಆಗಿ ಎರಡು ದಿನಕ್ಕೆ ಅಂತ. 2025ರ ಯುಗಾದಿ ಮಾರ್ಚ್ 30. ಎರಡು ದಿನ ಆದಮೇಲೆ ಅಂದರೆ ಏಪ್ರಿಲ್ 1. ಇಡಿಡಿ 2026ರ ಜನವರಿ 8. ತಾಯಿ ಕಾರ್ಡಿನಲ್ಲಿ ಬರೆಯೋ ಮುಂಚೆ ಕ್ಯಾಲೆಂಡರ್ ತೆಗೆದು ಇನ್ನೊಮ್ಮೆ ನೋಡು.